ಬಾವಿ ದಂಡೆಯಿಂದ ಅಂಗಳಕ್ಕೆ ಬಂದ ಇಂಜಿನ್ ವಿದ್ಯೆ

ಹಳೆಯ ಕಾರು ನೀಲಿ ಹೊಗೆ ಬಿಡತೊಡಗಿದರೆ ವಿಜಯಪುರದ ಇಬ್ರಾಹಿಂಪುರದಲ್ಲಾಗಲಿ, ಅತ್ತ ತಿಕೋಟಾದಲ್ಲಾಗಲಿ ಮಾತು ಒಂದೇ: ‘ಗಾಡಿ ಆಯಿಲ್ ಕುಡ್ಯಾಕತ್ತೈತಿ, ಇಂಜಿನ್ ಕೆಲಸಕ್ಕ ಬಂದೈತಿ.’ ಆಮೇಲೆ ಎರಡು ದಾರಿ. ವರ್ಕ್‌ಶಾಪಿಗೆ ಒಯ್ದು ಹಾಫ್ ಇಂಜಿನ್ ಹಾಕಿಸುವುದು ಒಂದು. ಅಂಗಳದಲ್ಲಿ ತಾಡಪತ್ರಿ ಹಾಸಿ, ಚೈನ್ ಪುಲ್ಲಿ ಕಟ್ಟಿ, ಇಂಜಿನ್ನನ್ನು ಮನೆಯಲ್ಲೇ ಇಳಿಸಿ ಬಿಚ್ಚುವುದು ಇನ್ನೊಂದು.

ಲಕ್ಷ ಕಿಲೋಮೀಟರ್ ಓಡಿದ ಯಂತ್ರವನ್ನು ನಟ್ಟು ನಟ್ಟು ಬಿಚ್ಚಿ, ಮರಳಿ ಕಟ್ಟಿ, ಅದು ಓಡೇ ಓಡುತ್ತದೆ ಎಂದು ನಂಬುವ ಧೈರ್ಯ ಈ ಸೀಮೆಗೆ ಕಾರಿನಿಂದ ಬಂದದ್ದಲ್ಲ. ಕಾರು ಇಲ್ಲಿನ ಮನೆಗಳಿಗೆ ಬಂದದ್ದು ತಡವಾಗಿ. ಅದಕ್ಕಿಂತ ಬಹಳ ಮೊದಲೇ ಹೊಲದ ಬಾವಿಯ ದಂಡೆಗೆ ಇಂಜಿನ್ ಬಂದಿತ್ತು.

ಅದರ ಕಥೆ ಶುರುವಾಗುವುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1869ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯದ ಕಾರಣ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಆಮೇಲೆ ಬಂದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿಯುತ್ತಿದ್ದ ಕಾಲ ಅದು. ಬೆಳಗಾವಿಯ ಜಾಗ ತೆರವು ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿ ಕರೆದು ನೆಲ ಕೊಟ್ಟರು. ಪಾಪಾಸುಕಳ್ಳಿ ತುಂಬಿದ ಆ ಬರಡು ನೆಲದಲ್ಲಿ 1910ರಲ್ಲಿ ಎದ್ದ ಊರೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ.

ಆ ಔಂಧ್ ಸಂಸ್ಥಾನದ ಹಳ್ಳಿಗಳು ಒಂದೇ ಕಡೆ ಇರಲಿಲ್ಲ, ಚದುರಿಹೋಗಿದ್ದವು. ಅದರ ತಾಲ್ಲೂಕುಗಳಲ್ಲೊಂದು ಗುಣದಾಳ. ಇಂದಿನ ಬಬಲೇಶ್ವರ ತಾಲ್ಲೂಕಿನ ಗುಣದಾಳವೇ ಅದು. ಕಾರ್ಖಾನೆಗೆ ನೆಲ ಕೊಟ್ಟ ದೊರೆಯೇ ವಿಜಯಪುರದ ಮಗ್ಗುಲಿನ ಈ ಎರೆಭೂಮಿಯನ್ನೂ ಆಳುತ್ತಿದ್ದ ಎಂಬುದು ಜಿಲ್ಲೆಯ ಇತಿಹಾಸ ಬರೆಯುವವರು ಇನ್ನಷ್ಟು ಗಮನ ಕೊಡಬೇಕಾದ ಸಂಗತಿ.

ಲಕ್ಷ್ಮಣರಾಯರ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ 1926ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಬಂದರು. 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾಯಿತು. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದ ಬಾವಿಗಳಿಗೆ ಐದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ ಬಂದದ್ದು ಹೀಗೆ. ವಿದ್ಯುತ್ ಕಂಬ ಇನ್ನೂ ಕಾಣದ ಹೊಲಗಳಲ್ಲಿ ಹ್ಯಾಂಡಲ್ ತಿರುಗಿಸಿದರೆ ಇದು ಓಡುತ್ತಿತ್ತು.

ಈ ಇಂಜಿನ್ನಿನ ರಚನೆಯೇ ಒಂದು ಪಾಠಶಾಲೆ. ಕಿರ್ಲೋಸ್ಕರ್‌ನ ಟಿವಿ1 ಮಾದರಿಯನ್ನೇ ನೋಡಿ: 87.5 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್, 661 ಸಿ.ಸಿ., ನಿಮಿಷಕ್ಕೆ 1500 ಸುತ್ತು. ಪಿಸ್ಟನ್ ಓಡಾಡುವ ಗೋಡೆ ಬ್ಲಾಕಿನದಲ್ಲ, ಒಳಗೆ ಕೂರಿಸಿದ ಬೇರೆಯೇ ಲೈನರಿನದು. ಸವೆದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬಹುದು. ಕ್ರ್ಯಾಂಕ್‌ಕೇಸಿನ ಪಕ್ಕದ ಮುಚ್ಚಳ ತೆಗೆದರೆ ಕನೆಕ್ಟಿಂಗ್ ರಾಡಿನ ಬೋಲ್ಟ್ ಕೈಗೆ ಸಿಗುತ್ತದೆ. ನಾಲ್ಕಾರು ಪಾನಾ, ಒಂದು ಸುತ್ತಿಗೆ ಇದ್ದರೆ ಹೆಡ್ ಇಳಿಯುತ್ತದೆ. ಬೆಳೆ ಬಾಡುತ್ತಿರುವಾಗ ಮಿಸ್ತ್ರಿಗಾಗಿ ಯಾರು ಕಾಯುತ್ತಾರೆ? ರೈತರೇ ಬಿಚ್ಚಿದರು. ಪಕ್ಕದಲ್ಲಿ ನಿಂತು ದೀಪ ಹಿಡಿದ ಹುಡುಗರು ನೋಡಿ ಕಲಿತರು. ಇದೇ ಟಿವಿ1 ಇಂದಿಗೂ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಓಡುತ್ತಿದೆ. ಅಲ್ಲಿ ಕಲಿಯುವುದನ್ನು ಬಾವಿ ದಂಡೆಯ ಹುಡುಗರು ಅಂಕಗಳಿಲ್ಲದೆ ಕಲಿತಿದ್ದರು.

ಆದರೆ ಬೇರೆ ಲೈನರ್ ಇಲ್ಲದ ಇಂಜಿನ್ನುಗಳಲ್ಲಿ ಮನೆಯಲ್ಲಿ ಮಾಡಲಾಗದ ಒಂದು ಕೆಲಸ ಉಳಿಯುತ್ತದೆ. ಅದು ಬೋರಿಂಗ್, ಅಂದರೆ ಸವೆದ ಸಿಲಿಂಡರನ್ನು ದುಂಡಗೆ ಕೊರೆಯುವುದು.

ಲೋಹದ ಕೊಳವೆಯನ್ನು ನಿಖರವಾಗಿ ದುಂಡಗೆ ಮಾಡುವುದು ಎಂಥ ಕಷ್ಟ ಎಂಬುದು ವಿಜಯಪುರಕ್ಕೆ ಹೊಸತಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ಊರಿನ ಕೋಟೆಯ ಬುರುಜಿನ ಮೇಲೆಯೇ ಇದೆ. ಇಂಜಿನ್ನಿನ ಚರಿತ್ರೆಗೂ ತೋಪಿಗೂ ನೇರ ನಂಟು. ಜೇಮ್ಸ್ ವಾಟ್‌ನ ಉಗಿಯಂತ್ರ ವರ್ಷಗಟ್ಟಲೆ ಕುಂಟಿದ್ದು ಸಿಲಿಂಡರ್ ದುಂಡಗಿಲ್ಲದೆ. ಪಿಸ್ಟನ್ನಿನ ಸುತ್ತ ಬಟ್ಟೆ ತುರುಕಿದರೂ ಉಗಿ ಸೋರುತ್ತಿತ್ತು. 1774ರಲ್ಲಿ ತೋಪು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಜಾನ್ ವಿಲ್ಕಿನ್ಸನ್, ಮರುವರ್ಷ ವಾಟ್‌ಗೆ ಸಿಲಿಂಡರ್ ಕೊರೆದುಕೊಟ್ಟ. ಇವತ್ತು ಊರೂರಿನ ಲೇತ್ ಅಂಗಡಿಯಲ್ಲಿ ಮಾಡುವ ಬೋರಿಂಗ್ ಆ ಕೆಲಸದ್ದೇ ಮುಂದುವರಿಕೆ.

ಲೇತ್ ಅಂಗಡಿಗಳು ಸಣ್ಣ ಪಟ್ಟಣಗಳಿಗೂ ತಲುಪಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರ್ ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸಿ ನಾಡಿಗೆಲ್ಲ ಹಂಚಿತು. 1953ರಲ್ಲಿ ಬೆಂಗಳೂರಿನ ಎಚ್‌ಎಂಟಿ ಬಂತು. ಡೀಸೆಲ್ ಪಂಪು, ನಾಜಲ್‌ಗಳು ಆಡುಗೋಡಿಯ ಮೈಕೋದಿಂದ ಬಂದವು, ಪಿಸ್ಟನ್ ರಿಂಗುಗಳು ಯಲಹಂಕದ ಕಾರ್ಖಾನೆಯಿಂದಲೂ ಬಂದವು. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿದೆ. ಅಲ್ಲಿ ಹುಟ್ಟಿದ ಲೇತ್‌ಗಳು ಇನ್ನೂ ದುಡಿಯುತ್ತಿವೆ.

ಹೀಗೆ ನೆಲ ಹದವಾಗಿದ್ದಾಗ ಕಾರುಗಳು ಬಂದವು. ಆಂಬಾಸಿಡರ್‌ನ 1489 ಸಿ.ಸಿ., ಪ್ರೀಮಿಯರ್ ಪದ್ಮಿನಿಯ 1089 ಸಿ.ಸಿ., 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್: ಮೂರೂ ಬಿಚ್ಚಿ ಕಟ್ಟಲು ಬಗ್ಗುವಂಥವೇ. ಬಾವಿ ದಂಡೆಯಲ್ಲಿ ಕಲಿತ ಕೈಗಳಿಗೆ ಸಿಲಿಂಡರಿನ ಲೆಕ್ಕ ಹೆಚ್ಚಾಯಿತು, ತತ್ವ ಅದೇ.

ಬೇಸಿಗೆಯಲ್ಲಿ ಏಳುವ ಎರೆಮಣ್ಣಿನ ದೂಳು ಈ ಸೀಮೆಯ ಇಂಜಿನ್ನುಗಳ ದೊಡ್ಡ ವೈರಿ. ಏರ್ ಫಿಲ್ಟರ್ ಸ್ವಲ್ಪ ಸಡಿಲವಾದರೂ ಸಾಕು, ಒಳನುಗ್ಗಿದ ಕಣಗಳು ರಿಂಗನ್ನೂ ಗೋಡೆಯನ್ನೂ ಉಜ್ಜಿ ತಿನ್ನುತ್ತವೆ. ಸವೆತವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಿಸಿ ಹೆಚ್ಚು, ಆಯಿಲ್ ಕಡಿಮೆ ಇರುವ ಮೇಲ್ಭಾಗದಲ್ಲಿ ಗೋಡೆ ಹೆಚ್ಚು ಸವೆಯುತ್ತದೆ. ಪಿಸ್ಟನ್ ಪಕ್ಕಕ್ಕೆ ಒತ್ತುವುದರಿಂದ ದುಂಡಗಿದ್ದ ಬೋರ್ ಅಂಡಾಕಾರಕ್ಕೆ ತಿರುಗುತ್ತದೆ. ಆದ್ದರಿಂದ ಬಲ್ಲವರು ಬೋರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯದೆ ರಿಂಗ್ ಕೊಳ್ಳುವುದಿಲ್ಲ. ಅಂಡಾಕಾರದ ಬೋರಿಗೆ ಹೊಸ ರಿಂಗ್ ಹಾಕಿದರೆ ಹೊಗೆ ಮತ್ತೆ ಬರುತ್ತದೆ, ಖರ್ಚೂ ದಂಡ. ಅಳತೆ ಮೀರಿದ್ದರೆ ಬ್ಲಾಕ್ ಲೇತ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಮುಂದಿನ ಓವರ್‌ಸೈಜಿಗೆ ಬೋರ್ ಕೊರೆದು, ಗೋಡೆಯಲ್ಲಿ ಆಯಿಲ್ ನಿಲ್ಲಲೆಂದು ಸಣ್ಣ ಅಡ್ಡಗೀರುಗಳನ್ನು ಹೋನಿಂಗ್‌ನಿಂದ ಮೂಡಿಸುತ್ತಾರೆ.

ಉಳಿದದ್ದೆಲ್ಲ ಅಂಗಳದ ಕೆಲಸ. ಬೇರಿಂಗ್ ಕ್ಯಾಪುಗಳು ಅದಲುಬದಲಾಗದಂತೆ ಗುರುತು ಹಾಕಬೇಕು. ರಿಂಗನ್ನು ಬೋರಿನೊಳಗೆ ಕೂರಿಸಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಆಂಬಾಸಿಡರ್‌ನಂಥ ಬೋರಿಗೆ ಅದು ಸುಮಾರು 0.3 ಮಿ.ಮೀ. ಪಿಸ್ಟನ್ ಮೇಲೆ ಆ ಬಾಯಿಗಳು ಒಂದರ ಕೆಳಗೊಂದು ಬರಕೂಡದು. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದ ಮೇಲೆ ಹೆಡ್ಡಿನ ಪೋರ್ಟಿಗೆ ಚಿಮಣಿ ಎಣ್ಣೆ ಸುರಿದರೆ ತೀರ್ಪು ಸಿಗುತ್ತದೆ: ಕೆಳಗೆ ಜಿನುಗಿದರೆ ಇನ್ನೂ ಉಜ್ಜಬೇಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ಪಾನಾದಿಂದ ಬಿಗಿಯಬೇಕು. ಇಲ್ಲಿ ಅವಸರ ಮಾಡಿದವರು ಗ್ಯಾಸ್ಕೆಟ್ಟನ್ನು ಮತ್ತೊಮ್ಮೆ ಕೊಳ್ಳುತ್ತಾರೆ.

ಇದನ್ನೆಲ್ಲ ನೋಡಿದರೆ ‘ಮನೆಯಲ್ಲೇ ಇಂಜಿನ್ ಕಟ್ಟಿದೆವು’ ಎಂಬ ಹೆಮ್ಮೆಯ ಹಿಂದೆ ಮೂರು ಆಸರೆ ಕಾಣುತ್ತವೆ: ಬಿಚ್ಚಲು ಬರುವಂತೆ ಯಂತ್ರ ಮಾಡಿದ ಕಾರ್ಖಾನೆ, ಅಂಗಡಿಯಲ್ಲಿ ಸಿಗುವ ಬಿಡಿಭಾಗ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಲೇತ್. ಈಗ ಸಡಿಲವಾಗುತ್ತಿರುವುದು ಮೊದಲನೆಯದು. ಗೋಡೆಗೆ ತೆಳುಲೇಪನ ಕೊಟ್ಟ ಅಲ್ಯೂಮಿನಿಯಂ ಬ್ಲಾಕುಗಳನ್ನು ಊರಿನ ಲೇತ್‌ನಲ್ಲಿ ಬೋರ್ ಮಾಡಿಸಲಾಗದು. ಕಂಪ್ಯೂಟರ್ ನಿಯಂತ್ರಿಸುವ ಇಂಜಿನ್ನಿನ ಕೆಲವು ದೋಷಗಳನ್ನು ಓದಲು ಕಂಪನಿಯ ಸಾಧನವೇ ಬೇಕಾಗುತ್ತದೆ. ಬಾವಿ ದಂಡೆಯ ಇಂಜಿನ್ನಿನ ಜಾಗದಲ್ಲೂ ಕೊಳವೆಬಾವಿಯ ಆಳದ ಮೋಟರ್ ಕೂತಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರೂ ಬಂದಿದೆ. ನೀರು ಬಂದದ್ದು ಒಳ್ಳೆಯದೇ. ಆದರೆ ಹುಡುಗರಿಗೆ ಕಣ್ಣೆದುರು ಬಿಚ್ಚಿಟ್ಟ ಯಂತ್ರ ಸಿಗುವುದು ಅಪರೂಪವಾಗಿದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಕೃಷಿ ಯಂತ್ರಗಳು, ವಾಹನಗಳು ಎರಡೂ ಅದರ ವ್ಯಾಪ್ತಿಯಲ್ಲಿವೆ. ದುರಸ್ತಿಯ ಕೈಪಿಡಿಗಳು ಅಲ್ಲಿ ಕನ್ನಡದಲ್ಲೂ ಸಿಗಬೇಕೆಂದು ವಾಹನ ಮಾಲೀಕರು, ಮೆಕ್ಯಾನಿಕ್‌ಗಳು ಕೇಳಬೇಕು. ಹೊಲದ ಮೂಲೆಯಲ್ಲಿ ಹಳೆಯ ಡೀಸೆಲ್ ಇಂಜಿನ್ ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಮನೆಯ ಮಕ್ಕಳನ್ನು ಕರೆದು, ಪಾನಾ ಕೊಟ್ಟು, ಹೆಡ್ ಇಳಿಸಲು ಹೇಳಿ.