ಗ್ಯಾದರಿಂಗ್ ಬಂತು, ಟ್ರಂಕು ತೆಗೆಯಿರಿ!

ಮಗಳು ಶಾಲೆಯಿಂದ ಚೀಟಿ ತಂದಿದ್ದಾಳೆಯೇ? ‘ಗ್ಯಾದರಿಂಗಿಗೆ ಗುಂಪು ನೃತ್ಯ, ಡ್ರೆಸ್ಸಿನ ಬಾಡಿಗೆ ನಾಳೆಯೇ ಕಳಿಸಿ’ ಅಂತ? ತಿಂಗಳ ಕೊನೆ ಬೇರೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟು ಹೊರಗೆ ಬರುವುದು ಇಂಥ ಹೊತ್ತಿನಲ್ಲೇ. ಯಜಮಾನರು ‘ಈ ಕುಣಿತ ಎಲ್ಲ ಯಾಕೆ ಬೇಕಿತ್ತು?’ ಅಂತ ಗೊಣಗುತ್ತಾರೆ. ಆಮೇಲೆ ಮುಂದಿನ ಸಾಲಿನ ಕುರ್ಚಿ ಹಿಡಿಯುವವರೂ ಅವರೇ ಅನ್ನಿ!

ಛದ್ಮವೇಷವಾದರಂತೂ ಕೇಳಲೇಬೇಡಿ. ಒಂದೇ ವೇದಿಕೆಯ ಮೇಲೆ ನಾಲ್ವರು ಒನಕೆ ಓಬವ್ವ, ಮೂವರು ಕಿತ್ತೂರು ಚೆನ್ನಮ್ಮ. ಒನಕೆ ಮಾತ್ರ ಒಂದೇ, ಪರದೆಯ ಹಿಂದೆ ಕೈಯಿಂದ ಕೈಗೆ ದಾಟುತ್ತಿರುತ್ತದೆ.

ಹಾಗಂತ ಇದೆಲ್ಲ ದಂಡ ಅಂತ ನಾನು ಹೇಳುವವಳಲ್ಲ. ನಮ್ಮ ಶಿಕ್ಷಣ ಇಲಾಖೆ 2000ದ ದಶಕದ ಆರಂಭದಲ್ಲಿ ‘ಪ್ರತಿಭಾ ಕಾರಂಜಿ’ ಶುರುಮಾಡಿದ ಮೇಲೆ ಹಳ್ಳಿಯ ಮಗುವಿಗೂ ಒಂದು ವೇದಿಕೆ ಸಿಕ್ಕಿತು. ಕ್ಲಸ್ಟರಿನಲ್ಲಿ ಗೆದ್ದರೆ ತಾಲೂಕು, ಅಲ್ಲಿಂದ ಜಿಲ್ಲೆ, ಆಮೇಲೆ ರಾಜ್ಯ. ಅದರಲ್ಲಿ ಕೋಲಾಟವೂ ಉಂಟು, ಕವ್ವಾಲಿಯೂ ಉಂಟು. ಸಂಸ್ಕೃತ ಪಠಣದ ಜೊತೆಗೇ ಅರೇಬಿಕ್ ಪಠಣವೂ ನಡೆಯುತ್ತದೆ. ಕಂಠಪಾಠದಲ್ಲಿ ಉರ್ದು, ಮರಾಠಿ, ತುಳು, ಕೊಂಕಣಿಗೂ ಜಾಗ ದೊರೆತಿದೆ. ಬೇಕಾದದ್ದೇ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 66 ಮಂದಿಯ ತಾಯಿನುಡಿ ಕನ್ನಡ. ಮಿಕ್ಕವರು ಮನೆಯಲ್ಲಿ ಬೇರೆ ಮಾತು ಆಡುವವರು. ಲಂಬಾಣಿ ಮಾತನ್ನಂತೂ ಗಣತಿಯವರು ಹಿಂದಿಯ ಲೆಕ್ಕದೊಳಗೇ ಸೇರಿಸಿಬಿಟ್ಟಿದ್ದಾರೆ!

ಉತ್ತರ ಕನ್ನಡದ ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಗೆ ಹೋಗಿ ನೋಡಿ. ಹವ್ಯಕರ ಮಗುವಿನ ಪಕ್ಕ ಸಿದ್ದಿ ಮಗು, ಅದರ ಪಕ್ಕ ಗೌಳಿಗರದು, ಹಿಂದೆ ತಾಂಡಾದ ಹುಡುಗಿ, ಉರ್ದು ಮಾತಿನ ಹುಡುಗ. ಸಿದ್ದಿಗಳ ಹಿರಿಯರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು-ಮೊಮ್ಮಕ್ಕಳು ಇವರಲ್ಲಿ ಬಹಳ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಹೆಂಗಸರು ಹಳೇ ಸೀರೆ, ಅಂಗಿಯ ತುಂಡು ಜೋಡಿಸಿ ಹೊಲಿಯುವ ಕೌದಿಗೆ ಈಗ ಹೊರದೇಶದಲ್ಲೂ ಗಿರಾಕಿಗಳಿದ್ದಾರೆ. ನಮ್ಮ ಮನೆಗಳಲ್ಲಿ ಕೌದಿಯನ್ನು ನೆಂಟರ ಕಣ್ಣಿಗೆ ಬೀಳದ ಹಾಗೆ ಮಡಚಿಡುತ್ತೇವೆ, ಅಲ್ಲವೇ?

ಆ ಕಡೆಯ ಒಂದು ಶಾಲೆಯ ಗ್ಯಾದರಿಂಗಿನಲ್ಲಿ ‘ಲಂಬಾಣಿ ನೃತ್ಯ’ ಅಂತ ಕೂಗಿದರು. ಎಂಟು ಹುಡುಗಿಯರು ಬಂದರು. ಎಲ್ಲರದ್ದೂ ಬಾಡಿಗೆಯ ಡ್ರೆಸ್ಸು, ಕನ್ನಡಿಯ ಬದಲು ಬೆಳ್ಳಿ ಬಣ್ಣದ ಕಾಗದ. ಚೆನ್ನಾಗಿಯೇ ಕುಣಿದರು, ಸುಳ್ಳು ಯಾಕೆ ಹೇಳಲಿ. ಆದರೆ ಆ ಎಂಟರಲ್ಲಿ ತಾಂಡಾದ ಹುಡುಗಿ ಒಬ್ಬಳೂ ಇರಲಿಲ್ಲ. ನನ್ನ ಪಕ್ಕ ಕೂತ ತಾಯಿ ತಾಂಡಾದವಳು, ಮಗಳು ತೊಡೆಗೆ ಒರಗಿ ಚಪ್ಪಾಳೆ ತಟ್ಟುತ್ತಿದ್ದಳು. ‘ಯಾಕಮ್ಮ, ನಿನ್ನ ಮಗಳು ಕುಣಿಯಲಿಲ್ಲವೇ?’ ಅಂದೆ.

‘ಬಾಡಿಗಿ ರೊಕ್ಕ ಇರಲಿಲ್ರೀ ಅಕ್ಕಾರ.’

‘ನಿಮ್ಮ ಮನೆಯಲ್ಲೇ ಇರಬೇಕಲ್ಲ ಆ ಲಂಗ?’

‘ಐತ್ರೀ. ನಮ್ಮತ್ತೀದು ಟ್ರಂಕಿನ್ಯಾಗ ಐತಿ. ಎಲ್ಲಾರ್ದೂ ಒಂದ ನಮೂನಿ ಇರಬೇಕು ಅಂದ್ರು ಟೀಚರ್ರು. ಅದು ಹಳೇದಲ್ರೀ...’

ಆ ಹಳೇದು ಏನು ಗೊತ್ತೇ, ಸೋದರಿಯರೇ? ಫೇಟಿಯಾ ಅಂತಾರೆ ಆ ಲಂಗಕ್ಕೆ, ಮೇಲಿನ ಕುಪ್ಪಸಕ್ಕೆ ಕಾಂಚಳಿ. ಕನ್ನಡಿ, ಕವಡೆ, ನಾಣ್ಯ ಇಟ್ಟು ಕೈಯಲ್ಲೇ ಹೊಲಿದದ್ದು, ತಿಂಗಳುಗಟ್ಟಲೆ ಕೆಲಸ. ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಭೆಯ ಹೊತ್ತಿಗೆ ಹಂಪಿಯಲ್ಲಿ 1755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ದೊಡ್ಡ ದೊಡ್ಡ ದೇಶದವರು ಬಗ್ಗಿ ನೋಡಿದ ಹೊಲಿಗೆ ಅದು. ಅಂಥದ್ದನ್ನು ಮನೆಯಲ್ಲಿಟ್ಟುಕೊಂಡ ಹುಡುಗಿ ಕಾಗದದ ಕನ್ನಡಿಗೆ ಚಪ್ಪಾಳೆ ತಟ್ಟುತ್ತಿದ್ದಾಳೆ! ಇನ್ನು ನಾಲ್ಕು ವರ್ಷಕ್ಕೆ ಅಜ್ಜಿ ಆ ಫೇಟಿಯಾ ಉಟ್ಟು ಶಾಲೆಯ ಗೇಟಿಗೆ ಬಂದರೆ ಈ ಹುಡುಗಿಗೆ ನಾಚಿಕೆಯಾದೀತು. ನನ್ನ ಸಂಕಟ ಅದು.

ಟೀಚರನ್ನು ಬೈಯಬೇಡಿ. ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ ಎಲ್ಲ ಮುಗಿಸಿ ಅಭ್ಯಾಸ ಮಾಡಿಸಬೇಕು ಆಕೆ. ಬಾಡಿಗೆ ಅಂಗಡಿಗೆ ಒಂದು ಫೋನು ಮಾಡಿದರೆ ಎಂಟು ಜೊತೆ ಬಂದು ಬೀಳುತ್ತವೆ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಹೆಚ್ಚಿನವರು ತಂದೆ-ತಾಯಂದಿರೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನೀವು ಸದಸ್ಯೆಯಾಗಿದ್ದರೆ ಬರೀ ಸಹಿ ಹಾಕಿ ಚಹಾ ಕುಡಿದು ಬರಬೇಡಿ. ‘ಬಾಡಿಗೆ ತರುವ ಮೊದಲು ಮಕ್ಕಳ ಮನೆಯಲ್ಲಿ ಏನಿದೆ ಕೇಳೋಣ, ಒಂದೇ ನಮೂನೆ ಇಲ್ಲದಿದ್ದರೂ ಪರವಾಗಿಲ್ಲ’ ಅಂತ ಒಂದು ಮಾತು ಎತ್ತಿ. ಹಾಡು ಹೇಳಿಕೊಡಲು ತಾಂಡಾದ ಅಜ್ಜಿಯನ್ನೇ ಕರೆಸಿ. ಕ್ಯಾಸೆಟ್ಟೂ ಬೇಡ, ಮೊಬೈಲೂ ಬೇಡ.

ಆದರೆ ಇದರಲ್ಲಿ ಇನ್ನೊಂದು ಅತಿರೇಕವೂ ಉಂಟು. ಸಿದ್ದಿ ಹುಡುಗಿ ಕಂಡರೆ ಸಾಕು, ಪ್ರತಿ ವರ್ಷ ಅವಳ ಹೆಸರು ಡಮಾಮಿ ಕುಣಿತಕ್ಕೇ. ಅವಳಿಗೆ ಆಶುಭಾಷಣ ಮಾಡುವ ಆಸೆ ಇರಬಹುದು. ರಸಪ್ರಶ್ನೆಗೆ ಕೂರುವ ಆಸೆ ಇರಬಹುದು. ಕುಣಿತ ಬಾರದ ಸಿದ್ದಿ ಮಕ್ಕಳೂ ಇರುತ್ತಾರೆ, ಹಾಡು ಬಾರದ ಬ್ರಾಹ್ಮಣರ ಮಕ್ಕಳಿಲ್ಲವೇ! ಹೆಸರು ಬರೆಯುವ ಮುಂಚೆ ಮಗುವನ್ನೇ ಕೇಳಿ.

ಇನ್ನು ಉಡುಪಿನ ಮಾತು. ನೆರೆಮನೆಯವರ ಫೇಟಿಯಾವನ್ನೋ ಹಳೆಯ ರೇಷ್ಮೆ ಸೀರೆಯನ್ನೋ ಮಗಳಿಗೆ ಇಸಿದುಕೊಂಡರೆ, ಉದ್ದ ಹೆಚ್ಚಾಯಿತೆಂದು ಕತ್ತರಿ ಮುಟ್ಟಿಸೀರಿ, ಜೋಕೆ! ಸೊಂಟದ ಹತ್ತಿರ ಮಡಿಸಿ ದೊಡ್ಡ ದೊಡ್ಡ ಹೊಲಿಗೆ ಹಾಕಿ, ಆಮೇಲೆ ಬಿಚ್ಚಲು ಸುಲಭ. ಕನ್ನಡಿಯ ಅಂಚು ತರಚೀತು, ಒಳಗೆ ಹತ್ತಿಯ ಹಳೇ ಪೆಟಿಕೋಟು ಹಾಕಿ. ಕಾರ್ಯಕ್ರಮ ಮುಗಿದ ಮೇಲೆ ನೀರಿಗೆ ಅದ್ದಬೇಡಿ, ಬಣ್ಣ ಬಿಟ್ಟೀತು. ನೆರಳಲ್ಲಿ ಗಾಳಿಗೆ ಹರವಿ, ಮಡಿಕೆಗಳ ನಡುವೆ ಹಳೇ ಪಂಚೆಯ ತುಂಡು ಇಟ್ಟು ಮಡಚಿ. ಮರುದಿನವೇ ಕೊಟ್ಟು ಬನ್ನಿ. ಬರೀ ಬಟ್ಟೆ ಮಾತ್ರ ಕೊಡಬೇಡಿ, ಡಬ್ಬಿಯಲ್ಲಿ ನಾಲ್ಕು ಚಕ್ಕುಲಿಯೂ ಇರಲಿ.