ಸಾಣೆ ಹಿಡಿಯುವ ಕೆಲಸವೇ, ಮಗಾ?

ಫೋನ್ ಮಾಡಿದಾಗಲೆಲ್ಲ ಊರಿನಿಂದ ಅಮ್ಮಂದಿರು ಕೇಳುವುದು ಇದನ್ನೇ: ‘ಅಷ್ಟು ದೂರ ಹೋಗಿ ಸಾಣೆ ಹಿಡಿಯೋ ಕೆಲಸವೇನಪ್ಪಾ?’ ಸಿಡ್ನಿ, ಮೆಲ್ಬರ್ನ್‌ನ ಮಷಿನ್ ಶಾಪ್‌ಗಳಲ್ಲಿರುವ ನಾವು ಏನು ಹೇಳುವುದು? ಹೌದು, ಸಾಣೆಯೇ. ಕುಡುಗೋಲಿನದ್ದಲ್ಲ, ಅಷ್ಟೆ.

ಡ್ರಿಲ್ ತುದಿಯ ಕೋನ ಸಾಮಾನ್ಯವಾಗಿ 118 ಡಿಗ್ರಿ. ಅದರ ಎರಡು ಅಂಚುಗಳಲ್ಲಿ ಒಂದು ತುಸು ಉದ್ದವಾದರೂ ತೂತು ದೊಡ್ಡದಾಗುತ್ತದೆ. ಎಂಡ್‌ಮಿಲ್ ಇನ್ನೂ ನಾಜೂಕು. 12 ಮಿ.ಮೀ. ಟೂಲ್ ಸಾಣೆಯ ನಂತರ 11.8 ಆಯಿತೆನ್ನಿ. ಆ ಅಳತೆಯನ್ನು ಸಿಎನ್‌ಸಿ ಯಂತ್ರಕ್ಕೆ ತಿಳಿಸದಿದ್ದರೆ, ಕೊರೆದ ಪಕ್ಕದಲ್ಲಿ 0.1 ಮಿ.ಮೀ. ಲೋಹ ಹಾಗೇ ಉಳಿಯುತ್ತದೆ. ನಮ್ಮಲ್ಲೊಬ್ಬರು ಬಂದ ಹೊಸತರಲ್ಲಿ ಟೂಲ್‌ಗೆ ಅಳತೆಯ ಚೀಟಿ ಕಟ್ಟಲು ಮರೆತು, ಒಂದು ಪಾಳಿಯ ಮಾಲು ಗುಜರಿ ಸೇರಿತ್ತು.

ಈಗ ಅಳೆಯುವ ಕೆಲಸ ಬಹುಪಾಲು ಯಂತ್ರದ್ದೇ. ಹಲವು ದೇಶಗಳಿಗೆ ಇಂಥ ಗ್ರೈಂಡರ್ ಕಳಿಸುವ ಆಂಕಾ ಕಂಪನಿ 1974ರಲ್ಲಿ ಹುಟ್ಟಿದ್ದು ಮೆಲ್ಬರ್ನ್‌ನಲ್ಲೇ. ಆದರೂ ಅಂಚು ಮೊಂಡಾಗಿದ್ದನ್ನು ಸದ್ದಿನಲ್ಲೇ ಗುರುತಿಸುವ ಕಿವಿ ನಮ್ಮಲ್ಲಿ ಕೆಲವರಿಗೆ ಪೀಣ್ಯದಲ್ಲೇ ಬಂದದ್ದು.

ಅಮ್ಮಂದಿರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕಾರ್ಬೈಡ್ ಟೂಲ್‌ನಲ್ಲಿ ಕೋಬಾಲ್ಟ್ ಇರುತ್ತದೆ. ಉಜ್ಜುವಾಗ ಏಳುವ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡಬಹುದು. ಕೂಲಂಟ್ ಧೂಳನ್ನು ತಗ್ಗಿಸುತ್ತದೆ, ನಿಜ. ಆದರೆ ಕೋಬಾಲ್ಟ್ ಅದರಲ್ಲಿ ಕರಗಿರುತ್ತದೆ, ಅದರ ಹನಿಮಂಜೂ ಒಳ್ಳೆಯದಲ್ಲ. ಸಂಬಳದ ಮಾತು ಮುಗಿದ ಮೇಲೆ ಮಾಸ್ಕ್, ಧೂಳು ಎಳೆಯುವ ಫ್ಯಾನ್ ಬಗ್ಗೆಯೂ ವಿಚಾರಿಸಿ. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ‘ಇಲ್ಲಿನ ಚಳಿಗೆ’ ಎಂಬ ನಮ್ಮ ಉತ್ತರವನ್ನು ನಂಬಬೇಡಿ. ಡಾಕ್ಟರ ಹತ್ತಿರ ಕಳಿಸಿ. ಕಾರ್ಬೈಡ್ ಉಜ್ಜುವ ಕೆಲಸವೆಂದು ಅವರಿಗೆ ಮೊದಲೇ ಹೇಳಲು ತಿಳಿಸಿ.