ನೊರೆ ಕೊಡುವ ತೊಗಟೆ, ಲಸಿಕೆಗೆ ಒತ್ತಾಸೆ

ಅಂಟುವಾಳಕಾಯಿಯನ್ನು ನೀರಿನಲ್ಲಿ ಕಿವುಚಿದರೆ ನೊರೆ ಏಳುತ್ತದೆ. ಸೀಗೆಪುಡಿಯದೂ ಅದೇ ಗುಣ. ಇದಕ್ಕೆ ಕಾರಣ ಸಪೋನಿನ್ ಎಂಬ ಸಸ್ಯಜನ್ಯ ರಾಸಾಯನಿಕಗಳು. ಲ್ಯಾಟಿನ್ ಭಾಷೆಯಲ್ಲಿ 'ಸಾಪೊ' ಎಂದರೆ ಸಾಬೂನು. ದಕ್ಷಿಣ ಅಮೆರಿಕದ ಚಿಲಿ ದೇಶದ ಕ್ವಿಲ್ಲಾಯ ಮರದ ತೊಗಟೆಯಲ್ಲೂ ಸಪೋನಿನ್ ಇದೆ. ಅಲ್ಲಿನ ಮಾಪುಚೆ ಜನರಿಗೆ ಅದೇ ಸಾಬೂನಾಗಿತ್ತು. ಇಂದು ಆ ತೊಗಟೆಯ ಸಾರ ಲಸಿಕೆಗಳನ್ನು ಸೇರಿದೆ. ಕ್ಯಾನ್ಸರ್ ಲಸಿಕೆಗಳಲ್ಲೂ ಅದರ ಪರೀಕ್ಷೆ ನಡೆದಿದೆ.

ಕುದುರೆ ಕಲಿಸಿದ ಪಾಠ

ಲಸಿಕೆಯಲ್ಲಿ ರೋಗಾಣುವಿನ ಒಂದು ಪ್ರೋಟೀನನ್ನಷ್ಟೇ ಕೊಟ್ಟರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದನ್ನು ಎಚ್ಚರಿಸಲು ಬೆರೆಸುವ ಸಹಾಯಕ ದ್ರವ್ಯವೇ ಅಡ್ಜುವೆಂಟ್. 1920ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಾಮೊನ್ ಒಂದು ಸಂಗತಿಯನ್ನು ಗಮನಿಸಿದರು. ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಡಿಫ್ತೀರಿಯಾದ ಪ್ರತಿವಿಷ ಹೆಚ್ಚಾಗಿತ್ತು. ಬಳಿಕ ಅವರು ಮರಗೆಣಸಿನ ಪಿಷ್ಟ, ಸಪೋನಿನ್ ಮೊದಲಾದವನ್ನು ಬೇಕೆಂದೇ ಬೆರೆಸಿ ನೋಡಿದರು.

ಕ್ಯಾನ್ಸರ್‌ಗೆ ಇಂಥ ಎಚ್ಚರಿಕೆಯ ಗಂಟೆ ಇನ್ನೂ ಅಗತ್ಯ. ಏಕೆಂದರೆ ಕ್ಯಾನ್ಸರ್ ಕೋಶ ಹೊರಗಿನಿಂದ ಬಂದ ಶತ್ರುವಲ್ಲ, ಮನೆಯೊಳಗೇ ಹುಟ್ಟಿದ್ದು. ಅದನ್ನು ಕೊಲ್ಲಲು ಪ್ರತಿಕಾಯಗಳಷ್ಟೇ ಸಾಲವು, ಟಿ-ಕೋಶಗಳೂ ಬೇಕು. ಸಪೋನಿನ್ ಇವೆರಡನ್ನೂ ಹುರಿದುಂಬಿಸುತ್ತದೆ.

ಪಂಜರದೊಳಗೆ ಸಪೋನಿನ್

ಆದರೆ ಅದಕ್ಕೊಂದು ದುರ್ಗುಣವಿದೆ. ಕೆಂಪು ರಕ್ತಕಣದ ಪೊರೆಯಲ್ಲಿರುವ ಕೊಲೆಸ್ಟೆರಾಲ್‌ಗೆ ಅದು ಅಂಟಿಕೊಂಡು ರಂಧ್ರ ಕೊರೆಯುತ್ತದೆ, ಕಣ ಒಡೆಯುತ್ತದೆ. 1984ರಲ್ಲಿ ಸ್ವೀಡನ್ನಿನ ಬ್ರೋರ್ ಮೋರೆನ್ ಮತ್ತು ಸಂಗಡಿಗರು ಇದಕ್ಕೆ ಉಪಾಯ ಕಂಡರು. ಸಪೋನಿನ್ ಜತೆ ಕೊಲೆಸ್ಟೆರಾಲ್ ಮತ್ತು ಫಾಸ್ಫೋಲಿಪಿಡ್ ಬೆರೆಸಿದಾಗ ಪಂಜರದಂಥ ಕಣಗಳು ರೂಪುಗೊಂಡವು. ಒಂದು ಕಣದ ಅಗಲ ಸುಮಾರು 40 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ 25,000ದ ಒಂದು ಭಾಗ! ಮೊದಲೇ ಕೊಲೆಸ್ಟೆರಾಲ್ ಸಿಕ್ಕಿರುವುದರಿಂದ ಸಪೋನಿನ್ ರಕ್ತಕಣದ ಗೊಡವೆಗೆ ಹೋಗುವುದು ಕಡಿಮೆ. ವೈರಸ್‌ನಷ್ಟೇ ಗಾತ್ರದ ಈ ಕಣಗಳನ್ನು ರಕ್ಷಣಾ ಕೋಶಗಳು ಸುಲಭವಾಗಿ ನುಂಗುತ್ತವೆ.

ಕ್ವಿಲ್ಲಾಯದ ಸಪೋನಿನ್ ಇರುವ ಸರ್ಪಸುತ್ತಿನ ಲಸಿಕೆಗೆ 2017ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಅದರಲ್ಲಿರುವುದೂ ಇಂಥ ಸಪೋನಿನ್ ಕಣಗಳೇ.

ಸೋಲೂ ಪಾಠವೇ

ಕ್ಯಾನ್ಸರ್ ಮಾತ್ರ ಅಷ್ಟು ಸುಲಭವಾಗಿ ಮಣಿದಿಲ್ಲ. ಶಸ್ತ್ರಚಿಕಿತ್ಸೆಯಾದ ಎರಡು ಸಾವಿರಕ್ಕೂ ಹೆಚ್ಚು ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ಮೇಜ್-ಎ3 ಎಂಬ ಪ್ರೋಟೀನ್ ಮತ್ತು ಸಪೋನಿನ್ ಸೇರಿದ ಲಸಿಕೆಯ ಪರೀಕ್ಷೆ ನಡೆಯಿತು. ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲವೆಂದು 2014ರಲ್ಲಿ ತಿಳಿದುಬಂತು. ಗಂಟೆ ಜೋರಾಗಿ ಬಾರಿಸಿದರಷ್ಟೇ ಸಾಲದು, ಕಳ್ಳನ ಸರಿಯಾದ ಗುರುತನ್ನೂ ಕೊಡಬೇಕು. ಆ ಗುರುತಿನ ಹುಡುಕಾಟ ಇನ್ನೂ ನಡೆದಿದೆ.

ಮರದ ಚಿಂತೆಯೂ ಇದೆ. ತೊಗಟೆಗಾಗಿ ಕಾಡು ಬರಿದಾಗಬಾರದಲ್ಲ! 2024ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ಯೂಎಸ್-21 ಎಂಬ ಮುಖ್ಯ ಸಪೋನಿನನ್ನು ಯೀಸ್ಟ್‌ನಿಂದಲೇ ತಯಾರಿಸಿ ತೋರಿಸಿದರು.

ಇದನ್ನೋದಿ ಯಾರೂ ಅಂಟುವಾಳದ ರಸ ಕುಡಿಯಲು ಹೋಗಬಾರದು. ಅದು ಕ್ಯಾನ್ಸರ್‌ಗೆ ಮದ್ದಲ್ಲ. ಲಸಿಕೆಯಲ್ಲಿರುವುದು ಶುದ್ಧೀಕರಿಸಿ, ಮೈಕ್ರೊಗ್ರಾಂ ಲೆಕ್ಕದಲ್ಲಿ ಅಳೆದು ಬೆರೆಸಿದ ಸಪೋನಿನ್. ನಂಜು ಮದ್ದಾಗುವುದು ಆ ಅಳತೆಯಿಂದಲೇ.